ನೀಲಿ ಸ್ವಿಚ್ಚು, ಹಳದಿ ಸ್ವಿಚ್ಚು ಮತ್ತು ಮುನಿಯಪ್ಪನ ಉಳಿ

ಶಬ್ದದ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ಮೂವತ್ನಾಲ್ಕು ವರ್ಷ ಕಾಲೇಜಿನಲ್ಲಿ ಧ್ವನಿಶಾಸ್ತ್ರದ ಪಾಠ ಹೇಳಿದವಳು ನಾನು. ಕೊನೆಯ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸಿದರೆ, ಕಪ್ಪುಹಲಗೆಯ ಕಡೆ ಮುಖ ಮಾಡಿಕೊಂಡೇ ಹೆಸರು ಹಿಡಿದು ಎಬ್ಬಿಸುತ್ತಿದ್ದೆ. ಆದ್ದರಿಂದ, ಪಿಯುಸಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಭೌತಶಾಸ್ತ್ರದ ಪುಸ್ತಕ ಬರೆಯಲು ತೀರ್ಮಾನಿಸಿದಾಗ, ಅದಕ್ಕೆ ತಕ್ಕ ಕೀಬೋರ್ಡನ್ನು ವೈಜ್ಞಾನಿಕವಾಗಿಯೇ ಆರಿಸುತ್ತೇನೆಂದು ಪಣ ತೊಟ್ಟೆ. ಪುಸ್ತಕ ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ವಿಚ್ ಇರುತ್ತದೆ. ಕಿತ್ತು ಬೇರೆ ಹಾಕಬಹುದು. ಬಣ್ಣಕ್ಕೊಂದು ಸದ್ದು, ಬಣ್ಣಕ್ಕೊಂದು ಸ್ಪರ್ಶ. ಐದು ಬಣ್ಣದವನ್ನು ತರಿಸಿದೆ. ದಿನಕ್ಕೊಂದು ಬಣ್ಣ; ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಒಂದೇ ಪುಟವನ್ನು ಮತ್ತೆ ಮತ್ತೆ ಟೈಪ್ ಮಾಡಿ ಅಂಕ ಕೊಡುವುದು.

ತೊಡಕು ಒಂದೇ. ಟೈಪ್ ಮಾಡುವವರ ಕಿವಿಯನ್ನು ನಂಬುವಂತಿಲ್ಲ. ಯಾವ ಬಣ್ಣವೆಂದು ತಿಳಿಯದ ಇನ್ನೊಬ್ಬರು ಕೂತು ಕೇಳಬೇಕು. ಪಾತ್ರೆ ತೊಳೆಯಲು ಬರುವ ರಾಮಕ್ಕನನ್ನು ಕೂರಿಸಿದೆ. "ಎಲ್ಲಾ ಟಕಟಕ ಅಂತವೆ ಕಣಮ್ಮ. ನಂಗಿನ್ನೂ ಮೂರು ಮನೆ ಅವೆ," ಎಂದು ಎದ್ದಳು. ಬಸವೇಶ್ವರನಗರದ ತಂಗಿ ರಾಗಿಣಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು ಟೈಪ್ ಮಾಡಿದೆ.

"ಅಕ್ಕಾ, ಇದನ್ನ ಕೇಳಿಸೋಕೆ ಫೋನ್ ಮಾಡಿದ್ಯಾ? ಹುಷಾರಾಗಿದೀಯ ತಾನೆ?"

"ಹುಷಾರಾಗೇ ಇದೀನಿ. ಅಂಕ ಕೊಡು."

"ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ."

ಮಾಡಲಿಲ್ಲ. ಫೋನಿನಲ್ಲಿ ಇನ್ಯಾರ ಹೆಸರಿದೆ ಎಂದು ನೋಡಿದೆ. ಗ್ಯಾಸಿನವರು, ಕಣ್ಣಿನ ಡಾಕ್ಟರು, ಪ್ಲಂಬರ್ ಮುನಿಯಪ್ಪ. ಅಲ್ಲಿಗೆ ಪಟ್ಟಿ ಮುಗಿಯಿತು. ಕೇಳುಗರಿಲ್ಲದೆಯೇ ಪ್ರಯೋಗ ಆರಂಭಿಸಿದೆ.

ಸೋಮವಾರ ನೀಲಿ. ಒತ್ತಿದಾಗಲೆಲ್ಲ ಚಿಟ್ ಎನ್ನುವ ಖಚಿತವಾದ ಸದ್ದು. ಅರ್ಧ ಪುಟ ಮುಗಿಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನೋಡಿದರೆ ಅನಂತಲಕ್ಷ್ಮಿ. ಚಂದ್ರಾ ಲೇಔಟಿನ ನನ್ನ ಮನೆಯ ಇನ್ನೊಂದು ಭಾಗದಲ್ಲಿ ಬಾಡಿಗೆಗಿದ್ದಾರೆ; ಅಂಚೆ ಕಚೇರಿಯಿಂದ ನಿವೃತ್ತರು, ಒಬ್ಬರೇ. ಅವರ ಅಡುಗೆಮನೆಗೂ ನನ್ನ ಓದುವ ಕೋಣೆಗೂ ನಡುವೆ ಒಂದು ತೆಳುಗೋಡೆ. ಎರಡು ವರ್ಷದಲ್ಲಿ ನಾವು ಆಡಿದ ಮಾತು ಇಪ್ಪತ್ತು ದಾಟಿರಲಿಲ್ಲ. ಅದನ್ನು ನಾನು ಶಿಸ್ತು ಎಂದು ಕರೆಯುತ್ತಿದ್ದೆ.

"ಮೇಡಂ, ಗೋಡೆ ಒಳಗೆ ಪೈಪ್ ಏನಾದ್ರೂ ಸೋರ್ತಿದ್ಯಾ? ಚಿಟಿಚಿಟಿ ಅಂತಿದೆ, ಸಾಸಿವೆ ಸಿಡಿದ ಹಾಗೆ."

ಅವರ ಅಡುಗೆಮನೆಗೆ ಹೋಗಿ, ಗೋಡೆಗೆ ಸ್ಟೀಲ್ ಲೋಟ ಒತ್ತಿ ಕಿವಿಯಿಟ್ಟೆ. ನಿಶ್ಶಬ್ದ.

"ಈಗ ತಾನೆ ಇತ್ತು. ನಿಮ್ಮನ್ನ ನೋಡಿ ಪೈಪೂ ಹೆದರ್ಕೊಂಡಿರಬೇಕು," ಎಂದರು.

ನಾನು ತಮಾಷೆಗೆಲ್ಲ ನಗುವವಳಲ್ಲ. "ನೀರಿನ ಒತ್ತಡ. ಕಾವೇರಿ ನೀರು ಬಿಡೋ ಹೊತ್ತಿದು. ನಲ್ಲಿ ನಿಧಾನಕ್ಕೆ ತಿರುಗಿಸಿ," ಎಂದು ಅಪ್ಪಣೆ ಮಾಡಿ ಬಂದೆ.

ಮಂಗಳವಾರ ಕಂದು. ಮತ್ತೆ ಬಾಗಿಲು. "ಇವತ್ತು ಲಟಿಕೆ ಮುರಿದ ಹಾಗಿದೆ ಮೇಡಂ." ಮತ್ತೆ ಲೋಟ, ಮತ್ತೆ ನಿಶ್ಶಬ್ದ. ಬುಧವಾರ ಹಳದಿ. ಒತ್ತಿದರೆ ಯಾವ ಅಡ್ಡಿಯೂ ಇಲ್ಲದೆ ಇಳಿಯುವ ಕೀಲಿ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ವಿದ್ಯಾರ್ಥಿಗಳು ನನಗೆ ಎಂದೂ ಹಿಡಿಸಿಲ್ಲ. ಕೊನೆಯ ಸ್ಥಾನ ಕೊಟ್ಟೆ. ಆ ದಿನ ಯಾರೂ ಬಾಗಿಲು ಬಡಿಯಲಿಲ್ಲ. ಗುರುವಾರ ಬೂದು, ಸದ್ದೇ ಮಾಡದ ಜಾತಿ. ಅನಂತಲಕ್ಷ್ಮಿ ಬಂದು, "ನಿಂತೋಯ್ತು ಮೇಡಂ," ಎಂದರು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ನಲ್ಲಿ ನಿಧಾನಕ್ಕೆ ತಿರುಗಿಸಿದ್ರಲ್ಲ, ಅದಕ್ಕೆ," ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಕಪ್ಪು ಹಾಕಿದೆ. ಸೋರಿಕೆ ಮರಳಿ ಬಂತು, ಈ ಸಲ "ಯಾರೋ ಕದ ತಟ್ಟೋ ಹಾಗೆ". ನನ್ನ ಸಿದ್ಧಾಂತಕ್ಕೇ ಸವಾಲು! ಮುನಿಯಪ್ಪನಿಗೆ ಫೋನ್ ಮಾಡಿದೆ.

ಶನಿವಾರ ಅವನು ಬ್ಯಾಡರಹಳ್ಳಿಯಿಂದ ಸ್ಕೂಟರಿನಲ್ಲಿ ಬಂದು ಅನಂತಲಕ್ಷ್ಮಿಯ ಅಡುಗೆಮನೆಯ ಗೋಡೆ ತಟ್ಟಿ ನೋಡಿದ. "ಇದ್ರಲ್ಲಿ ಪೈಪೇ ಇಲ್ಲ ಕಣಮ್ಮ. ನಾನೇ ಹಾಕಿದ್ದು, ಎಲ್ಲಾ ಆ ಕಡೆ ಐತೆ."

"ಮೂವತ್ನಾಲ್ಕು ವರ್ಷ ಶಬ್ದದ ಪಾಠ ಮಾಡಿದೀನಿ, ಮುನಿಯಪ್ಪ. ಒಡಿ."

"ಒಡೀತೀನಿ. ಆಮೇಲೆ ನನ್ನ ಬೈಬಾರ್ದು."

ಗಂಟೆ ಹತ್ತಾಗಿತ್ತು. ಪ್ರಯೋಗದ ಹೊತ್ತು ತಪ್ಪಬಾರದೆಂದು ನನ್ನ ಕೋಣೆಗೆ ಬಂದು, ಮರುಪರೀಕ್ಷೆಗೆಂದು ಆಗಲೇ ನೀಲಿ ಸ್ವಿಚ್ಚು ಹಾಕಿಟ್ಟಿದ್ದ ಕೀಬೋರ್ಡಿನ ಮುಂದೆ ಕೂತೆ. ಗೋಡೆಯಾಚೆಯಿಂದ ಅನಂತಲಕ್ಷ್ಮಿಯ ದನಿ ಕೇಳಿಸಿತು: "ಬಂತು, ಬಂತು, ಸಾಸಿವೆ. ಅಲ್ಲೇ ಹೊಡಿ ಮುನಿಯಪ್ಪ."

ನನ್ನ ತೀರ್ಮಾನವೇ ಸರಿಯಾಯಿತಲ್ಲ ಎಂಬ ಹೆಮ್ಮೆಯಲ್ಲಿ ಇನ್ನಷ್ಟು ಜೋರಾಗಿ ಕುಟ್ಟಿದೆ. ಆಚೆ ಅವನೂ ಜೋರಾಗಿ ಕುಟ್ಟಿದ. ಸ್ವಲ್ಪ ಹೊತ್ತಿಗೆ ಒಂದು ಇಟ್ಟಿಗೆ ನನ್ನ ಮೇಜಿನ ಮೇಲೆ ಬಿತ್ತು. ಇಟ್ಟಿಗೆಯ ಹಿಂದೆ ಉಳಿ. ಉಳಿಯ ಹಿಂದೆ ಮುನಿಯಪ್ಪನ ಕಣ್ಣು. ಅದು ನನ್ನನ್ನು ನೋಡಿತು, ನನ್ನ ಬೆರಳುಗಳನ್ನು ನೋಡಿತು.

"ಲೀಕ್ ಸಿಕ್ತು ಅಕ್ಕ," ಎಂದು ಅನಂತಲಕ್ಷ್ಮಿಗೆ ಹೇಳಿದ. "ಓನರಮ್ಮನೇ."

ಮೇಜನ್ನು ಗೋಡೆಗೆ ಒತ್ತಿಟ್ಟಿದ್ದೆ. ತಂತಿಯ ನಾದವನ್ನು ವೀಣೆಯ ಕೊಡ ಹಿಗ್ಗಿಸುವಂತೆ, ಮೇಜಿನ ಸದ್ದನ್ನು ಗೋಡೆ ಹಿಗ್ಗಿಸುತ್ತದೆ. ಇದನ್ನೇ ಪ್ರತಿ ವರ್ಷ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದೆ. ಬರೆಯದವರನ್ನು ಫೇಲ್ ಮಾಡಿದ್ದೇನೆ.

ಕಿಂಡಿಯಲ್ಲಿ ಅನಂತಲಕ್ಷ್ಮಿಯ ಮುಖ ಕಾಣಿಸಿತು. ನಾನು ತಪ್ಪಾಯಿತು ಎನ್ನುವ ಮೊದಲೇ, "ಹಾಗಾದ್ರೆ ಬುಧವಾರದ್ದು ಯಾವುದು ಮೇಡಂ?" ಎಂದರು.

"ಹಳದಿ. ಕೊನೆಯ ಸ್ಥಾನ."

"ಅಯ್ಯೋ, ಅದೇ ಚೆನ್ನಾಗಿದ್ದಿದ್ದು. ಚೌಕಾಬಾರ ಆಡೋವಾಗ ಕವಡೆ ಉರುಳಿಸ್ತಾರಲ್ಲ, ಹಾಗಿತ್ತು. ಪಕ್ಕದ ರೂಮಲ್ಲಿ ಜನ ಇದಾರೆ ಅನ್ನಿಸ್ತಿತ್ತು. ಅದಕ್ಕೇ ಅವತ್ತು ಹೇಳೋಕೆ ಬರಲಿಲ್ಲ, ಎಲ್ಲಿ ರಿಪೇರಿ ಮಾಡಿಸಿಬಿಡ್ತೀರೋ ಅಂತ."

ಕೇಳುಗರೇ ಇಲ್ಲವೆಂದು ನಾನು ಅಂದುಕೊಂಡಿದ್ದ ವಾರವೆಲ್ಲ, ಒಂದು ಇಟ್ಟಿಗೆಯಾಚೆ ಒಬ್ಬರು ಕೂತು ಕೇಳುತ್ತಿದ್ದರು. ಬಂದು ಬಂದು ವರದಿಯನ್ನೂ ಕೊಟ್ಟಿದ್ದರು. ನಾನು ಅವರ ಗೋಡೆಗೆ ಲೋಟ ಹಿಡಿದು ವಾಪಸ್ಸು ಬಂದಿದ್ದೆ. ಅಂಕಪಟ್ಟಿಯನ್ನು ಹೊಡೆದುಹಾಕಿ ಹಳದಿಯನ್ನು ಮೊದಲಿಗೆ ತಂದೆ.

ಸೋಮವಾರ ಮುನಿಯಪ್ಪ ಸಿಮೆಂಟ್ ಹಿಡಿದು ಬಂದ. ಗಾರೆ ಒಣಗುವುದಕ್ಕೆ ಇದು ಸರಿಯಾದ ಹವೆಯಲ್ಲ ಎಂದೆ. ಅವನು ಏಪ್ರಿಲ್ ತಿಂಗಳ ಬಿಸಿಲನ್ನು ನೋಡಿದ, ನನ್ನನ್ನು ನೋಡಿದ, ಸಿಮೆಂಟನ್ನು ಸ್ಕೂಟರಿಗೇರಿಸಿಕೊಂಡು ಹೋದ.

ಈಗ ಕಿಂಡಿಗೆ ಆ ಕಡೆಯಿಂದ ಅನಂತಲಕ್ಷ್ಮಿ ಒಂದು ಕ್ಯಾಲೆಂಡರ್ ನೇತುಹಾಕಿದ್ದಾರೆ. ಇದನ್ನು ಹಳದಿಯಲ್ಲೇ ಟೈಪ್ ಮಾಡುತ್ತಿದ್ದೇನೆ. ಕೊನೆಯ ಸಾಲು ಹೇಗಿರಬೇಕೆಂದು ಯೋಚಿಸುತ್ತ ಎರಡು ನಿಮಿಷ ಕೈ ತೆಗೆದೆ, ಅಷ್ಟೇ. ಕ್ಯಾಲೆಂಡರಿನ ಹಿಂದಿನಿಂದ ದನಿ ಬಂತು:

"ಏನ್ ಮೇಡಂ, ನೀರು ನಿಂತೋಯ್ತಾ?"