ನಾನೇ ಬಡಿದ ಕುರ್ಪಿ

ಕಬ್ಬಿಣ ಕಾಯಿಸಿದರೆ ಕೆಂಪಗಾಗುತ್ತದೆ, ಬಡಿದರೆ ಬಗ್ಗುತ್ತದೆ. ಐವತ್ತು ವರ್ಷ ರೊಟ್ಟಿ ಬಡಿದ ಕೈಗೆ ಇದರಲ್ಲಿ ಕಲಿಯುವುದೇನಿದೆ? ನಾನು ಎರಡನೇ ಇಯತ್ತೆ ಓದಿದ್ದೇನೆ. ಕಮ್ಮಾರ ಅಷ್ಟೂ ಓದಿಲ್ಲ!

ನಮ್ಮ ಪಾಮನಕಲ್ಲೂರಿನಲ್ಲಿ ಬಾಗಿದ ಅಲಗಿನ ಕುರ್ಪಿ ಹಿಡಿದು ಕಳೆ ತೆಗೆಯುವುದು ಮುಯ್ಯಿಯ ಮೇಲೆ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಮೊದಲ ಸಾಲು ಹಿಡಿದವಳು ಎಷ್ಟು ಬೇಗ ಸರಿಯುತ್ತಾಳೋ ಉಳಿದವರೂ ಅಷ್ಟು ಬೇಗ ಸರಿಯಬೇಕು. ನೀರು ಯಾವಾಗ, ಎಲೆ ಅಡಿಕೆ ಯಾವಾಗ ಎಂಬುದೂ ಅವಳ ಬಾಯಲ್ಲೇ. ಮೂವತ್ತು ವರ್ಷದಿಂದ ಆ ಸಾಲು ನನ್ನದು.

ಈ ಸಲ ಶೇಂಗಾ ಹೊಲದಲ್ಲಿ ಎರಡನೇ ಸಾಲಿನವಳು ನನ್ನನ್ನು ಎರಡು ಬಾರಿ ದಾಟಿ ಹೋದಳು. ಅವಳು ನನ್ನ ನೆಗೆಣ್ಣಿ ಗೌರವ್ವ. ಎಡಗೈಯವಳು. ಮೈದುನನ ಹೆಂಡತಿಯಾಗಿ ಬಂದ ದಿನದಿಂದ ನಾನು ಅವಳನ್ನು ಕರೆಯುವುದೇ ‘ಎಡಚಿ’ ಎಂದು.

"ಅಕ್ಕಾ, ಮೊದಲಿನ ಸಾಲು ನಾ ಹಿಡೀಲೇನ?" ಎಂದಳು.

"ಕುರ್ಪಿ ಮೊಂಡ ಆಗೈತಿ, ನಾ ಆಗಿಲ್ಲ" ಎಂದೆ.

ಕುರ್ಪಿ ಹಿಡಿದು ಮಸ್ಕಿಯ ಕಮ್ಮಾರನ ಹತ್ತಿರ ಹೋದೆ. ಬಸ್ಸು ಪುಕ್ಕಟೆ. ಅಲ್ಲಿ ಅವಮಾನವೂ ಪುಕ್ಕಟೆ ಸಿಕ್ಕಿತು. ಅವನು ಅಲಗಿನ ಮೇಲೆ ಬೆರಳಾಡಿಸಿ, "ಕುರ್ಪಿ ಚಲೋ ಐತಿ ಬಿಡವ್ವಾ. ಸಾಣಿ ಹಿಡೀಬೇಕಾಗಿದ್ದು ನಿನ್ನ ಮೊಣಕಾಲಿಗೆ" ಎಂದ.

"ನಿನ್ನ ನಾಲಿಗಿಗಿ ಮಾತ್ರ ಸಾಣಿ ಬ್ಯಾಡ ನೋಡು!" ಎಂದು ಎದ್ದು ಬಂದೆ. ಹೊಸ ಕುರ್ಪಿಯನ್ನು ಸ್ವಂತ ಕಾರ್ಖಾನೆಯಲ್ಲಿಯೇ ತಯಾರಿಸತಕ್ಕದ್ದೆಂದು ಬಸ್ಸಿನಲ್ಲಿ ತೀರ್ಮಾನಿಸಲಾಯಿತು.

ಕಾರ್ಖಾನೆ ಎಂದರೆ ದನದ ಕೊಟ್ಟಿಗೆಯ ಮೂಲೆ. ಕಬ್ಬಿಣಕ್ಕೆ ಬಾಗಿಲಿಗೆ ಒತ್ತು ಕೊಟ್ಟಿದ್ದ ಲಾರಿ ಸ್ಪ್ರಿಂಗಿನ ಪಾಟಾದ ತುಂಡು. ಬೆಂಕಿಗೆ ನೀರೊಲೆ. ಗಾಳಿ ಊದಲು ತಿದಿ ಇರಲಿಲ್ಲ, ಯಜಮಾನರ ಟೇಬಲ್ ಫ್ಯಾನ್ ಇತ್ತು. ಹಚ್ಚಿದೆ. ಜಳಕ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಎದುರಿಗೆ ಕುಳಿತಿದ್ದ ಯಜಮಾನರು ಅರೆಕ್ಷಣದಲ್ಲಿ ಮೈಯೆಲ್ಲ ವಿಭೂತಿಯಾದರು!

"ಏನ್ ಮಾಡಾಕತ್ತಿ ಬೇ?"

"ಕುರ್ಪಿ. ಸುಮ್ಮನ ಕುಂದರ್ರಿ."

"ನಾ ಸುಮ್ಮನ ಕುಂತಿದ್ದೆ. ಬೂದಿನ ಬಂದು ನನ್ನ ಮ್ಯಾಲ ಕುಂತೈತಿ!"

ಕಬ್ಬಿಣ ಬಡಿಯಲು ಅಡಿಗಲ್ಲಾಗಿ ಮಸಾಲೆ ಅರೆಯುವ ಕಲ್ಲನ್ನು ಇಟ್ಟುಕೊಂಡೆ. ಐದನೇ ಏಟಿಗೆ ಕಲ್ಲು ಎರಡಾಯಿತು. ಕಬ್ಬಿಣ ಇದ್ದ ಹಾಗೇ ಇತ್ತು.

"ಇನ್ನ ಚಟ್ನಿ ಎದ್ರಾಗ ಅರಿತಿ?"

"ಹಲ್ಲು ಅದಾವಲ್ಲ, ಬಾಯಾಗ ಅರ್ಕೊರ್ರಿ."

ಉಳಿದ ಅರ್ಧ ಕಲ್ಲಿನ ಮೇಲೆ ಕೆಲಸ ಮುಂದುವರಿಯಿತು. ಹಳೆಯ ಕುರ್ಪಿಯನ್ನು ನಮೂನೆಗೆಂದು ಎದುರಿಗೆ ಇಟ್ಟು, ಅದು ಬಾಗಿದ ಕಡೆಗೇ ಇದನ್ನೂ ಬಗ್ಗಿಸಿದೆ. ಕೊನೆಗೆ ಕೆಂಪು ಕಬ್ಬಿಣವನ್ನು ಎಮ್ಮೆಯ ಕಲಗಚ್ಚಿನಲ್ಲಿ ಅದ್ದಿದೆ. ಚುಂಯ್ ಎಂದಿತು. ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಸಂಜೆಗೆ ತಾನೇ ಬಂತು, ಹಾಲು ಮಾತ್ರ ಕೊಡಲಿಲ್ಲ. ಕುರ್ಪಿ ಮಸೆದು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ರಕ್ತ ಬಂತು. ಬಲು ಸಂತೋಷವಾಯಿತು!

ಮರುದಿನ ಹೊಲದಲ್ಲಿ ಎಲ್ಲರ ಮುಂದೆ ಸಾರಿದೆ: "ಇವತ್ತ ನನ್ನ ಯಾರು ದಾಟ್ತಾರ, ಮೊದಲಿನ ಸಾಲು ಅವ್ರದ!"

ಕುಳಿತು ಕುರ್ಪಿ ಎಳೆದೆ. ಕಳೆಯ ಮೇಲೆ ಕುರ್ಪಿಯ ಬೆನ್ನು ಸವರಿಕೊಂಡು ಹೋಯಿತು. ಮಣಿಕಟ್ಟು ತಿರುಚಿ ಎಳೆದೆ. ಶೇಂಗಾ ಗಿಡ ಬಂತು. ಕಳೆ ನಿಂತು ನೋಡುತ್ತಿತ್ತು.

ಗೌರವ್ವ ಕುರ್ಪಿ ಇಸಿದುಕೊಂಡು ಹೊರಳಿಸಿ ನೋಡಿದಳು. "ಅಕ್ಕಾ, ಇದರ ಬಾಯಿ ಎಡಕ್ಕ ತಿರಗೈತಿ!"

ನಮೂನೆಯ ಹಿಡಿಯನ್ನು ಆ ಕಡೆ ಮಾಡಿ ಇಟ್ಟಿದ್ದೆ, ನಾನು ಬಡಿಯುತ್ತಿದ್ದುದರ ಹಿಡಿ ನನ್ನ ಕಡೆಗಿತ್ತು. ಎದುರು ಕುಳಿತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ ಎಂಬುದನ್ನು ಎರಡನೇ ಇಯತ್ತೆಯ ತನಕ ಯಾರೂ ಹೇಳಿಕೊಟ್ಟಿರಲಿಲ್ಲ.

"ಇಷ್ಟು ವರ್ಷದಾಗ ಈ ಎಡಚಿ ಸಲುವಾಗಿ ಯಾರೂ ಒಂದು ಕುರ್ಪಿ ಮಾಡಿದ್ದಿಲ್ಲ" ಎಂದಳು ಗೌರವ್ವ. "ನೀನರ ಮಾಡಿದ್ಯಲ್ಲ ಅಕ್ಕಾ!"

"ಹೂಂ. ನಿನ್ನ ಸಲುವಾಗೇ ಮಾಡೀನಿ" ಎಂದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಬೇರೆ ಏನು ಹೇಳಲಿ?

ಬಲಗೈಯವರ ಕುರ್ಪಿಯಲ್ಲೇ ನನ್ನನ್ನು ದಾಟಿದ್ದವಳು ಅವಳು. ಈಗ ಕೈಗೆ ಒಪ್ಪುವ ಕುರ್ಪಿ ಬೇರೆ ಸಿಕ್ಕಿತ್ತು. ನಾವು ಅರ್ಧ ಸಾಲಿಗೆ ಬರುವಷ್ಟರಲ್ಲಿ ಬದುವಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಈಗ ಮೊದಲ ಸಾಲು ಗೌರವ್ವನದು. ನೀರು ಕುಡಿಯಬೇಕೆಂದರೆ ಅವಳನ್ನು ಕೇಳುತ್ತೇನೆ. ನನ್ನ ಕೈಯಲ್ಲಿ ಮತ್ತೆ ಹಳೆಯ ಕುರ್ಪಿ. ಚೆನ್ನಾಗಿಯೇ ಕೊಯ್ಯುತ್ತದೆ.

ಮೊಣಕಾಲಿಗೆ ಸಾಣೆ ಹಿಡಿಯುವವರಿದ್ದರೆ ಹೇಳಿ.