ನಮ್ಮ ಓಣಿಯ ಝಂಡಾ ಜ್ವರ

ಯಾವ ಜ್ವರವಾದರೂ ಬರುವ ಮುಂಚೆ ಸಣ್ಣದೊಂದು ಸುಳಿವು ಕೊಡುತ್ತದೆ. ಮೈ ಜುಮ್ಮೆನ್ನುತ್ತದೆ, ಬಾಯಿ ಕಹಿಯಾಗುತ್ತದೆ, ಬಿಸಿ ರೊಟ್ಟಿಯೂ ಬೇಡವೆನಿಸುತ್ತದೆ. ಮನೆ ತುಂಬ ಮಕ್ಕಳನ್ನು ಸಾಕಿದವಳು ನಾನು. ಹಣೆ ಮುಟ್ಟದೆಯೇ ಜ್ವರ ಹೇಳಬಲ್ಲೆನೆಂಬ ಹಮ್ಮು ನನಗಿತ್ತು. ಆದರೆ ಮೈಲೂರಿನ ನಮ್ಮ ಓಣಿಗೆ ಓಣಿಯೇ ರಾಜಭಕ್ತಿಯಲ್ಲಿ ಮೈಕಾಯಿಸಿಕೊಂಡಾಗ ಮಾತ್ರ ನನಗೆ ತಿಳಿಯಲೇ ಇಲ್ಲ. ಏಕೆಂದರೆ ಅದು ಶುರುವಾದದ್ದು ಹಬ್ಬದಂತೆ.

ನಮ್ಮನ್ನಾಳುವ ಹುಜೂರರ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಎದುರು ಮನೆಯ ಗುರುಪಾದಪ್ಪ ಸಾಹುಕಾರರದು ಅರಿವೆ ಅಂಗಡಿ. ಸರ್ಕಾರ ಕೇಳದಿದ್ದರೂ ಅವರೊಂದು ಝಂಡಾ ಕಮಿಟಿ ಕಟ್ಟಿ, ತಾವೇ ಅದರ ಯಜಮಾನರಾದರು. ಪ್ರತಿ ಮಾಳಿಗೆಯ ಮೇಲೂ ಹಳದಿ ಬಾವುಟ ಹಾರಬೇಕೆಂದರು. ಸರಿ, ಹಾರಲಿ. ಆಮೇಲೆ, ಯಾರ ಬಾವುಟವೂ ಪಕ್ಕದ ಮನೆಯದಕ್ಕಿಂತ ಗಿಡ್ಡ ಇರಬಾರದೆಂದರು. ಅದು ಹೇಗೆ ಸಾಧ್ಯವೆಂದು ಯಾರೂ ಕೇಳಲಿಲ್ಲ. ಎಲ್ಲರೂ ಕೋಲಿಗೆ ಕೋಲು ಕಟ್ಟಿದರು. ಬಾವುಟದ ಹತ್ತಿರ ಅರಿವೆ ಒಣಹಾಕಬಾರದೆಂದರು. ನಮ್ಮ ಮನೆಯಲ್ಲಿ ಸೊಸೆ ಬಾಣಂತಿ. ಕೂಸಿನ ಬಟ್ಟೆಗಳೆಲ್ಲ ಒಲೆಯ ಮುಂದೆ ಒಣಗಿ, ಎತ್ತಿಕೊಂಡವರಿಗೆ ಮೊಮ್ಮಗ ಒಗ್ಗರಣೆಯ ವಾಸನೆ ಹೊಡೆಯತೊಡಗಿದ. ಬಾವುಟದ ಎದುರು ನಗಬಾರದೆಂಬುದೂ ಬಂತು. ಅಷ್ಟರಲ್ಲಿ ಜನ ತಮ್ಮ ಮಾಳಿಗೆ ಬಿಟ್ಟು ಮಂದಿಯ ಮಾಳಿಗೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು.

ಸಾಹುಕಾರರ ಅಂಗಡಿಯ ಹಳದಿ ಅರಿವೆ ಅವರ ಮನೆಗೂ ಬೀಗರಿಗೂ ಮಾತ್ರ ಸಾಕಾಯಿತು. ಭಾಲ್ಕಿಯಲ್ಲೂ ಸಿಗಲಿಲ್ಲ. ನಾವೆಲ್ಲ ಹಳೆಯ ಧೋತರ ಹರಿದು ಅರಿಶಿನದ ನೀರಿನಲ್ಲಿ ಅದ್ದಿದೆವು. ಬಾವುಟದ ನಡುವೆ ಹೊಲಿಯುವ ಬಿಳಿ ದುಂಡು ತುಂಡಿಗೆ ನಾನು ಜೋಳದ ರೊಟ್ಟಿಯನ್ನೇ ಅಳತೆಗಿಟ್ಟುಕೊಂಡೆ. ಕತ್ತರಿಸಿದ ಮೇಲೆ ಅಳತೆಯನ್ನು ಚಟ್ನಿಯ ಜೊತೆ ತಿಂದುಬಿಟ್ಟೆ.

ಹಬ್ಬದ ಹಿಂದಿನ ದಿನ ಇನ್ನೊಂದು ಹುಕುಮು. ಔರಾದ ಕಡೆಯಿಂದ ಸಾಹೇಬರೊಬ್ಬರು ನೋಡಲು ಬರುತ್ತಾರೆ, ಗೋಡೆಗೂ ಮಾಳಿಗೆಯ ಕಟ್ಟೆಗೂ ಸುಣ್ಣ ಆಗಬೇಕು. ಕಮಲನಗರದಿಂದ ಬಂದ ತುಕಾರಾಮನೆಂಬವನು ಸಂಜೆಯತನಕ ಬಳಿದ. ಇರುಳು ಗಾಳಿಯೆದ್ದು ನಾಲ್ಕು ಹನಿ ಬಿತ್ತು. ಒದ್ದೆ ಬಾವುಟಗಳು ಹಸಿ ಸುಣ್ಣದ ಕಟ್ಟೆಗೆ ಬಡಿದಾಡಿದವು. ಮುಂಜಾನೆ ನೋಡಿದರೆ ಓಣಿಯ ಬಾವುಟವೆಲ್ಲ ಕೆಂಪು. ಅಂಗಡಿಯ ಅರಿವೆಯದಾದ್ದರಿಂದ ಸಾಹುಕಾರರದೊಂದೇ ಹಳದಿ.

ಅರಿಶಿನಕ್ಕೆ ಸುಣ್ಣ ಕೂಡಿದರೆ ಕೆಂಪಾಗುತ್ತದೆಂದು ತಿಳಿಯದ ಮನೆ ನಮ್ಮ ಸೀಮೆಯಲ್ಲಿದೆಯೇ? ಮದುಮಕ್ಕಳಿಗೆ, ಬಾಣಂತಿಗೆ ಆರತಿಯ ನೀರು ಮಾಡುವುದೇ ಹಾಗೆ. ಓಣಿಯ ಎಲ್ಲರಿಗೂ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

“ಬಗಾವತ್!” ಎಂದು ಸಾಹುಕಾರರು ಕೂಗಿದರು. “ಸರ್ಕಾರದ ಮ್ಯಾಲ ದಂಗೆ! ರಾತ್ರೋರಾತ್ರಿ ಝಂಡಾ ಬದಲಿ ಮಾಡ್ಯಾರ! ಯಾರ ಕೆಲಸ ಇದು?”

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ, ಉಳಿದ ಸುಣ್ಣದ ಬಕೀಟು ಹಿಡಿದು ನಿಂತಿದ್ದ ತುಕಾರಾಮನನ್ನು ನೋಡಿದರು. ಓಣಿಯಲ್ಲಿ ಮನೆಯಿಲ್ಲದವನು ಅವನೊಬ್ಬನೇ.

“ಇವ ಹೊರಗಿನವ. ಮಾತೂ ಮರಾಠಿ. ಹಿಡದು ಕೊತವಾಲಿಗಿ ಕೊಡ್ರಿ!”

ಇಬ್ಬರು ಅವನ ರಟ್ಟೆ ಹಿಡಿದರು. “ಮೀ ಕಾಯ ಕೇಲಂ ಹೋ?” ಎಂದು ಅವನು ಅಳುವ ದನಿಯಲ್ಲಿ ಅಂದ. “ನಾ ಏನ ಮಾಡೀನ್ರಿ? ಬರೀ ಸುಣ್ಣಾ ಹಚ್ಚೀನ್ರಿ ಸಾಹುಕಾರ್ರ! ನೀವೇ ಹೇಳೀರಿ!”

ಅರ್ಧ ಸತ್ಯವನ್ನು ಅವನು ಹೇಳಿಯೇಬಿಟ್ಟಿದ್ದ. ಉಳಿದರ್ಧ ನಮ್ಮ ಗಂಟಲಲ್ಲಿತ್ತು. ಪಕ್ಕದ ಮನೆಯ ಖೈರೂನ್‌ಬೀ ನನ್ನ ಪಕ್ಕೆ ತಿವಿದಳು. “ಅಕ್ಕಾ, ನೀ ಹೇಳು.”

“ನೀನೇ ಹೇಳು.”

“ನಕ್ಕೋ ಮಾ, ನಾ ಒಲ್ಲೆ. ನಮ್ಮನಿ ಝಂಡಾ ಎಲ್ಲಾರಕಿಂತ ಕೆಂಪಾಗ್ಯದ, ಬಾಯಿ ತೆಗದ್ರ ನನ್ನೇ ಹಿಡೀತಾರ. ನೀ ದಿನಾ ಮಾಳಗಿ ಮ್ಯಾಲಿಂದ ಓಣಿಗೆಲ್ಲಾ ಕೇಳೋಹಂಗ ಒದರ್ತಿ, ಈಗ್ಯಾಕ ಬಾಯಾಗ ನೀರ ತುಂಬಕೊಂಡಿ?”

ಹೇಳುವ ಧೈರ್ಯ ನನಗೂ ಇರಲಿಲ್ಲ. ಒಳಗೆ ಹೋಗಿ ಅರಿಶಿನದ ನೀರು ತುಂಬಿದ ತಟ್ಟೆ ತಂದು ಸಾಹುಕಾರರ ಮುಂದೆ ನಿಂತೆ. “ಸಾಹೇಬ್ರು ಬರ್ತಾರಲ್ರಿ, ಆರತಿ ನೀರ ಮಾಡಬೇಕಂತೀನಿ. ಬಣ್ಣ ಬರೋಬ್ಬರಿ ಬರ್ತದೇನು, ನೀವೇ ನೋಡ್ರಿ,” ಎಂದು ತುಕಾರಾಮನ ಬಕೀಟಿಗೆ ಬೆರಳದ್ದಿ ತಟ್ಟೆಯಲ್ಲಿ ಆಡಿಸಿದೆ. ನೀರು ಕೆಂಪಗಾಯಿತು. ಸಾಹುಕಾರರು ತಟ್ಟೆ ನೋಡಿದರು, ಮಾಳಿಗೆ ನೋಡಿದರು, ಮತ್ತೆ ತಟ್ಟೆ ನೋಡಿದರು. ಖೈರೂನ್‌ಬೀ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಕಿಸಕ್ಕೆಂದಿತು. ಬಾವುಟಗಳ ಎದುರೇ ಓಣಿಯೆಲ್ಲ ನಕ್ಕಿತು. ಹಿಡಿದವರ ಕೈ ಸಡಿಲಾದದ್ದೇ ತಡ, ತುಕಾರಾಮ ಬಕೀಟು ಸಮೇತ ಕಮಲನಗರದ ದಾರಿ ಹಿಡಿದ. ಸಾಹೇಬರೇನೋ ಬರಲೇ ಇಲ್ಲ. ದಾರಿಯ ಎಕಂಬಾದಲ್ಲಿ ಊಟ ಭಾರವಾಗಿ ಮಲಗಿಬಿಟ್ಟರಂತೆ.

ಸಾಹುಕಾರರು ಮಾತ್ರ ಸೋಲಲಿಲ್ಲ. “ಇನ್ನಮ್ಯಾಲ ಕಮಿಟೀಗಿ ಕೇಳದ ಯಾರೂ ಅರಿಶಿಣಾ ಸುಣ್ಣಾ ಕೂಡಸಬಾರದು,” ಎಂದರು. ನನ್ನ ಕಡೆ ತಿರುಗಿ, “ವೈನಿ, ನಿಮ್ಮ ಕಣ್ಣು ಬಾಳ ಚುರುಕವ. ಈ ಸಾಲಿನ ಮನೀ ಝಂಡಾ ನೋಡಕೊಳ್ಳೋದು ನಿಮ್ಮ ಜಿಮ್ಮಾ,” ಎಂದರು. ಒಲ್ಲೆನೆಂದರೆ ಏನಾಗುವುದೋ ಎಂಬ ಹೆದರಿಕೆಗೆ ಒಪ್ಪಿದೆ ಎಂದು ಮನೆಯಲ್ಲಿ ಹೇಳಿದೆ. ಆದರೆ ಜಿಮ್ಮಾ ಎಂಬ ಮಾತು ಕಿವಿಗೆ ಹಿತವಾಗಿಯೇ ಇತ್ತು.

ಮರುದಿನ ಮುಂಜಾನೆ ಮಾಳಿಗೆ ಹತ್ತಿದವಳು ಪಕ್ಕಕ್ಕೆ ಕಣ್ಣು ಹಾಯಿಸಿದೆ. “ಖೈರೂನ್‌ಬೀ! ನಿಮ್ಮ ಝಂಡಾ ಯಾಕ ಹಿಂಗ ಜೋಲುಬಿದ್ದದ?”

ಅವಳು ಮೆಣಸಿನಕಾಯಿ ಹರವುತ್ತ ತಲೆಯೆತ್ತದೆ ಅಂದಳು: “ಗಾಳಿ ಬಂದಿಲ್ಲಕ್ಕಾ. ಹಿಡದು ಕೊತವಾಲಿಗಿ ಕೊಡ್ತಿದ್ರ ಕೊಡು.”

ನಾನು ಮೆಟ್ಟಿಲು ಇಳಿಯತೊಡಗಿದೆ. ಇಳಿಯುವಾಗ, ಆಚೆ ಮನೆಯ ಝಂಡಾ ಕೂಡ ಸ್ವಲ್ಪ ವಾಲಿದಂತೆ ಕಂಡಿತು.