ಅಳಿಯ ತೆಗೆದ ಅಳತೆ

ಬಸವೇಶ ಆರಿಸಿ ತಂದ ಯಾವ ವಸ್ತುವೂ ಆ ಮನೆಯಲ್ಲಿ ನೆಲೆ ನಿಂತದ್ದಿಲ್ಲ. ಸೀರೆ ತಂದರೆ ಮರುದಿನವೇ ಅಂಗಡಿಗೆ ವಾಪಸು. ಕುಕ್ಕರ್ ತಂದರೆ ಅದರ ಸೀಟಿ ಅಳುಬುರುಕ. ಒಮ್ಮೆ ಬೆಕ್ಕಿನ ಮರಿ ತಂದಿದ್ದ, ಅದು ತಾನಾಗಿಯೇ ಪಕ್ಕದ ಮನೆಗೆ ಹೊರಟುಹೋಯಿತು. (ಹೆಂಡತಿ ವೀಣಾ ಆರಿಸಿದ್ದರಲ್ಲಿ ತಪ್ಪಿದ್ದು ಒಂದೇ ಒಂದು, ಆದರೆ ಅದನ್ನು ವಾಪಸು ತಗೊಳ್ಳುವ ಅಂಗಡಿ ಎಲ್ಲೂ ಇಲ್ಲ ಎಂದು ಅವಳೇ ನೆಂಟರ ಮುಂದೆ ಹೇಳುತ್ತಿದ್ದಳು.)

ವಯನಾಡಿನ ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಸವೇಶನದು ಬೀಜ-ಗೊಬ್ಬರದ ಅಂಗಡಿ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಬೇರೂರಿದ ಮನೆತನ. ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ಹೆಂಡತಿಯ ಎದುರು ಮೌನ. ವೀಣಾ ಮೈಸೂರಿನ ಜಟಕಾ ಓಡಿಸುವವರ ಮಗಳು. ಬಾವಲಿ ರಸ್ತೆಯ ಒಂದು ರೆಸಾರ್ಟಿನವರು ಅತಿಥಿಗಳ ಸವಾರಿಗೆಂದು ಎರಡು ಕುದುರೆ ತಂದು, ನೋಡಿಕೊಳ್ಳುವವನು ಓಡಿಹೋಗಿ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ, ಇವಳು ಹೋಗಿ ಅವುಗಳಲ್ಲಿ ಬಿಳಿ ಕುದುರೆಯ ಮೂತಿ ಸವರಿದಳು. ಅಂದಿನಿಂದ ಕೆಲಸ ಅವಳದೇ. ಬೆಳಕು ಹರಿಯುವ ಮುನ್ನ ಹೊರಟು, ಕುದುರೆಗಳನ್ನು ಕಾಫಿ ತೋಟದ ದಾರಿಯಲ್ಲಿ ಒಂದು ಸುತ್ತು ನಡೆಸಿ, ಆಮೇಲೆ ಅತಿಥಿಗಳನ್ನು ಹತ್ತಿಸುವುದು. ಆ ಕುದುರೆಯ ಬಗ್ಗೆ ಮಾತಾಡುವಾಗ ಅವಳ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ಬಸವೇಶ ಮದುವೆಯ ಫೋಟೋದಲ್ಲೂ ನೋಡಿರಲಿಲ್ಲ.

ಚಳಿಗಾಲ ಬಂತು. ಇಲ್ಲಿಯವರು ಕೋಡ ಎನ್ನುವ ದಟ್ಟ ಮಂಜು ಗದ್ದೆಯಿಂದ ಎದ್ದು ಅಂಗಳಕ್ಕೆ ಬಂದು ನಿಲ್ಲತೊಡಗಿತು. ವೀಣಾ ಹಾಕುತ್ತಿದ್ದುದು ತೋಟದ ಕೆಲಸದವರ ರಬ್ಬರ್ ಗಂಬೂಟು. ಜಿಗಣೆಗೆ ಅದು ಒಳ್ಳೆಯದೇ, ಚಳಿಗೆ ಮಾತ್ರ ಬಾವಿಯೊಳಗೆ ಕಾಲಿಟ್ಟ ಹಾಗೆ. ಕಾಲ್ಬೆರಳು ಕೆಂಪಗೆ ಊದಿ ಉರಿಯತೊಡಗಿದವು. ಮಾನಂದವಾಡಿಯ ಡಾಕ್ಟರು, "ಕಾಲು ಬೆಚ್ಚಗಿರಬೇಕು, ಇಲ್ಲಾಂದ್ರೆ ಕುದುರೆ ಬಿಡಬೇಕು" ಎಂದರು. ಆ ದಿನ ವೀಣಾ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ರಾತ್ರಿಯ ಊಟದವರೆಗೂ ಒಂದು ಮಾತೂ ಆಡಲಿಲ್ಲ. ಬೈಯದ ವೀಣಾಳನ್ನು ಬಸವೇಶ ಅದುವರೆಗೆ ನೋಡಿರಲಿಲ್ಲ.

ಅವಳ ಕಾಲಿಗೆ ಏನು ಹಾಕಿಸಬಹುದೆಂದು ಅವನು ರೆಸಾರ್ಟಿನ ಮ್ಯಾನೇಜರ್ ಅಜೀಶನನ್ನು ಕೇಳಿದ.

"ಬಸವೇಶೇಟ್ಟಾ, ಗಂಬೂಟು ಕುದುರೆಗೆ ಪಟ್ಟಿಲ್ಲ, ಆಗೋದಿಲ್ಲ" ಎಂದ ಅಜೀಶ್. "ಹಿಮ್ಮಡಿ ಎತ್ತರ ಇಲ್ಲದ್ದು. ಕಾಲಿಡೋ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡ್ರೆ ಕುದುರೆ ಎಳ್ಕೊಂಡೇ ಹೋಗುತ್ತೆ. ಸವಾರಿ ಬೂಟೇ ಬೇಕು. ಒಳಗೆ ಉಣ್ಣೆ ಇರೋದು."

ಮೈಸೂರಿನಲ್ಲಿ ಸವಾರಿ ಬೂಟು ಹೊಲಿಯುವ ಒಬ್ಬರ ನಂಬರನ್ನೂ ಅವನೇ ಕೊಟ್ಟ. ಫೋನಿನಲ್ಲಿ ಆ ಮನುಷ್ಯ ಮೊದಲು ಕೇಳಿದ್ದು, "ದಿನಾ ಹಾಕೋದಾ, ಫೋಟೋಕ್ಕಾ?" ಅಂತ. ದಿನಾ ಹಾಕೋದು ಎಂದಾಗ, ಹೊಳೆಯುವ ಚರ್ಮ ಬೇಡ, ಎಣ್ಣೆ ಕುಡಿದ ದಪ್ಪ ಚರ್ಮ, ಒಳಗೆ ಕುರಿಯ ಉಣ್ಣೆ ಎಂದು ಅವರೇ ತೀರ್ಮಾನಿಸಿದರು. "ಅಂಗಾಲು ಕಾಗದದ ಮೇಲೆ ಬರೆದು ಕಳ್ಸಿ. ಮೀನಖಂಡದ ಸುತ್ತಳತೆ, ಮಂಡಿವರೆಗಿನ ಎತ್ತರ ದಾರದಲ್ಲಿ ಹಿಡೀರಿ. ಸಡಿಲ ಆದ್ರೆ ಒಳಗೆ ಚಳಿ ನುಗ್ಗುತ್ತೆ."

ವೀಣಾಳಿಗೆ ಹೇಳಿ ಅಳತೆ ತೆಗೆದರೆ ಮುಗಿಯಿತು. ಆದರೆ ಹೇಳಿದರೆ ಅವಳು, "ನೀವು ಆರಿಸಿದ್ರಾ? ಹಾಗಾದ್ರೆ ಬೇಡ" ಅನ್ನುವುದು ಸೂರ್ಯ ಚಂದ್ರರಷ್ಟೇ ಖಚಿತ. ಗುಟ್ಟಾಗಿಯೇ ಅಳೆಯುವುದೆಂದು ನಿರ್ಧರಿಸಿದ. (ಬೂಟಿಗಾಗಿ ಒಂದಿಷ್ಟು ಬೂಟಾಟಿಕೆ ತಪ್ಪಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.)

ಆಗ ಮನೆಯಲ್ಲಿದ್ದವರು ಅತ್ತೆ ಚೆಲುವಮ್ಮ. ಮಗಳನ್ನು ನೋಡಲು ಮೈಸೂರಿನಿಂದ ಬಂದಿದ್ದರು. ಕಡ್ಡಿಯಂಥ ಮೈ, ಕಡಿಮೆ ಮಾತು, ರೆಪ್ಪೆ ಮಿಟುಕಿಸದ ಕಣ್ಣು. ವಯನಾಡೆಂದರೆ ಮಾಟದ ನಾಡೆಂಬುದು ಆಕೆಯ ಅಚಲ ಸಿದ್ಧಾಂತ. ಮದುವೆಯ ದಿನವೇ ಅಳಿಯನ ಅಂಗೈ ತಿರುಗಿಸಿ ನೋಡಿದ್ದರು.

ಒಂದು ಮುಸ್ಸಂಜೆ ವೀಣಾ ಕೈಕಾಲು ತೊಳೆದು ಒಳಗೆ ಹೋದ ಮೇಲೆ, ನೀರಿನ ತೊಟ್ಟಿಯ ಪಕ್ಕ ಹಸಿ ಮಣ್ಣಿನಲ್ಲಿ ಅವಳ ಬರಿಗಾಲಿನ ಗುರುತು ಅಚ್ಚೊತ್ತಿದಂತೆ ಬಿದ್ದಿತ್ತು. ಬಸವೇಶನಿಗೆ ನಿಧಿ ಸಿಕ್ಕಂತಾಯಿತು. ಒಲೆಯಿಂದ ಒಂದು ಹಿಡಿ ಬೂದಿ ತಂದು ಅಂಚು ಎದ್ದು ಕಾಣಲೆಂದು ಹೆಜ್ಜೆಯ ಮೇಲೆ ಉದುರಿಸಿದ. ಕುಕ್ಕರಗಾಲಲ್ಲಿ ಕೂತು ಬೆರಳಿಂದ ಅದರ ಸುತ್ತ ಗೆರೆ ಎಳೆದ. ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿದ. ಜಗಲಿಯ ಮೇಲೆ ಚೆಲುವಮ್ಮ, ಕೈಯಲ್ಲಿ ಸಂಜೆದೀಪ. ಇಬ್ಬರ ನಡುವೆ ಮಂಜು ನಿಧಾನಕ್ಕೆ ಹರಿದುಹೋಗುತ್ತಿತ್ತು. ದೀಪ ಕಾಣುತ್ತಿತ್ತು, ಕಣ್ಣು ಕಾಣುತ್ತಿತ್ತು, ಮಿಕ್ಕದ್ದು ಕಾಣುತ್ತಿರಲಿಲ್ಲ.

"ಕೋಳಿ..." ಎಂದ ಬಸವೇಶ. ಆ ಮನೆಯಲ್ಲಿ ಕೋಳಿ ಇರಲಿಲ್ಲ.

ಆಕೆ ದೀಪ ಹಿಡಿದು ಒಳಗೆ ಹೋದರು. ಅವನು ಕಾಗದ, ಪೆನ್ಸಿಲು ಹುಡುಕಿ ತರುವಷ್ಟರಲ್ಲಿ ಹೆಜ್ಜೆ ಇರಲಿಲ್ಲ. ಆ ಜಾಗ ಗುಡಿಸಿ, ಸಗಣಿ ನೀರು ಚಿಮುಕಿಸಿತ್ತು.

ಮಾರನೆಯ ದಿನ ಊಟಕ್ಕೆ ಮನೆಗೆ ಬಂದಾಗ ವೀಣಾ ಕೆಲಸ ಮುಗಿಸಿ ಕಂಬಳಿ ಹೊದ್ದು ಮಲಗಿದ್ದಳು. ಕಾಲು ಮಾತ್ರ ಹೊರಗೆ. ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿದ್ದು ಕೆಂಪು ದಾರ ಒಂದೇ. ಅಂಗಾಲಿಗೆ ಹಿಡಿದು ಒಂದು ಗಂಟು, ಮೀನಖಂಡಕ್ಕೆ ಸುತ್ತಿ ಒಂದು ಗಂಟು, ಮಂಡಿಯವರೆಗೆ ಎಳೆದು ಇನ್ನೊಂದು. ಯಾವ ಗಂಟು ಯಾವುದೆಂದು ಮರೆಯಬಾರದಲ್ಲ, ಅದನ್ನು ತುಟಿಯಲ್ಲೇ ಮಣಮಣಿಸುತ್ತ ಮೂರು ಸಲ ಹೇಳಿಕೊಂಡ. ಬಾಗಿಲ ಸಂದಿನಲ್ಲಿ ಬೆಳಕು ಒಂದು ಕ್ಷಣ ಮುಚ್ಚಿ ತೆರೆಯಿತು.

ಸಂಜೆ ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಲ್ಲಿ ದಾರವಿಲ್ಲ. ಅಡುಗೆಮನೆಯಿಂದ ನೂಲು ಸುಟ್ಟ ವಾಸನೆ. ಒಲೆಯ ಮುಂದೆ ಚೆಲುವಮ್ಮ ಕೂತಿದ್ದರು.

"ಏನಾದ್ರೂ ಕಳ್ಕೊಂಡ್ರಾ, ಅಳಿಯಂದ್ರೇ?"

"ಇಲ್ಲ, ಅತ್ತೆ."

"ಕಳ್ಕೊಂಡ್ರೆ ಒಳ್ಳೇದೇ" ಎಂದು ಆಕೆ ಕೆಂಡ ಕೆದಕಿದರು.

ಅಲ್ಲಿಂದ ಮನೆ ಬದಲಾಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಕುಂಕುಮ ತುಂಬಿದ ನಿಂಬೆಹಣ್ಣಿನ ಎರಡು ಹೋಳು. ದಿಂಬಿನ ಕೆಳಗೆ ಬೇವಿನ ಸೊಪ್ಪು. ಅಂಗಳದ ಹಲಸಿನ ಮರಕ್ಕೆ ಯಾರೋ ಹೊಸದಾಗಿ ಮೊಳೆ ಹೊಡೆದಿದ್ದರು. ಅಮ್ಮನಿಗೆ ಚಳಿಯೆಂದು ವೀಣಾ ಅಮ್ಮನ ಕೋಣೆಗೆ ಹಾಸಿಗೆ ಸಾಗಿಸಿದಳು. ಊಟ ಬಡಿಸಿ, ಅವನು ಮೊದಲ ತುತ್ತು ನುಂಗುವವರೆಗೆ ನೋಡುತ್ತ ನಿಲ್ಲುತ್ತಿದ್ದಳು. ಅವನು ಒಳಗೆ ಬಂದರೆ ಪಿಸುಮಾತು ನಿಲ್ಲುತ್ತಿತ್ತು. ಬೈಗುಳವಂತೂ ಪೂರ್ತಿ ಬಂದ್. ಇಷ್ಟು ವರ್ಷ ಯಾವ ನೆಮ್ಮದಿಗಾಗಿ ಹರಕೆ ಹೊತ್ತಿದ್ದನೋ, ಅದು ಕೈಗೆ ಬಂದಾಗ ಸ್ಮಶಾನದಂತಿತ್ತು.

ನಿಂಬೆಹಣ್ಣು ಅತ್ತೆಯದೆಂದು ಅವನಿಗೆ ಹೊಳೆಯಲಿಲ್ಲ. ತನಗೇ ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡ. ಅಂಗಡಿಗೆ ಹೋಗುವ ತೋಟದ ದಾರಿಯಲ್ಲಿ ಮಂಜಿನೊಳಗೆ ಹಿಂದೆ ಒಣಗಿದೆಲೆ ಸದ್ದು. ನಿಂತರೆ ಅದೂ ನಿಲ್ಲುತ್ತಿತ್ತು. ನಡೆದರೆ ನಡೆಯುತ್ತಿತ್ತು. ಒಮ್ಮೆ ಧೈರ್ಯ ಮಾಡಿ ತಿರುಗಿದಾಗ ಕಾಫಿ ಗಿಡಗಳ ಸಂದಿಯಲ್ಲಿ ಬಿಳಿ ಸೆರಗೊಂದು ಸರಕ್ಕನೆ ಮಾಯವಾಯಿತು. ಅವನು ಅಂಗಡಿಯವರೆಗೂ ಓಡಿದ.

ಹಾಲು ಕೊಡುವ ಪಕ್ಕದ ಮನೆಯ ಶ್ರೀಜ ಕೂಡ ಹತ್ತಿರ ಬರುವುದನ್ನು ಬಿಟ್ಟಳು. "ಪಾಲು ಮದಿಲಿನ ಮೇಲಿಟ್ಟಿದ್ದೀನಿ, ಚೇಟ್ಟಾ" ಎಂದು ದೂರದಿಂದಲೇ ಹೇಳಿದಳು.

"ಶ್ರೀಜಾ, ನಮ್ಮ ಮನೇಲಿ ಏನೋ ಸರಿಯಿಲ್ಲ ಅನ್ಸುತ್ತಲ್ಲ?"

"ಅದು ನಿಮಗೇ ಅಲ್ಲವಾ ಗೊತ್ತಿರೋದು" ಎಂದು ಅವಳು ಕದ ಮುಚ್ಚಿಕೊಂಡಳು.

ಅವನಿಗೆ ಸಣ್ಣ ಜ್ವರ ಬಂತು. ಆದರೂ ವೀಣಾ ಬೆಳಿಗ್ಗೆ ಗಂಬೂಟಿನೊಳಗೆ ಕಾಲಿಡುವಾಗ ಹಲ್ಲು ಕಚ್ಚುವುದು ಕಾಣುತ್ತಿತ್ತಲ್ಲ, ಬೂಟಿನ ಆಸೆ ಬಿಡಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಬಂದು ಅತ್ತೆಯ ಕೋಣೆಯ ಬಾಗಿಲು ತಳ್ಳಿದ. ಕಿಟಕಿಗೆ ಚಳಿಯೆಂದು ಗೋಣಿ ಕಟ್ಟಿತ್ತು. ಅರೆಗತ್ತಲು. ತಾಯಿ ಮಗಳು ಒಂದೇ ಕಂಬಳಿಯೊಳಗೆ ತಲೆ ಮುಚ್ಚಿ ಮಲಗಿದ್ದರು. ಹೊರಗೆ ಎರಡು ಜೊತೆ ಕಾಲು, ಎರಡಕ್ಕೂ ಕಾಲುಚೀಲ. ಯಾವುದು ಯಾರದು?

ಅವನು ಯೋಚಿಸುತ್ತಿರುವಾಗಲೇ ಒಂದು ಜೊತೆ ಕಾಲು ತಾನಾಗಿಯೇ ಮೆಲ್ಲಗೆ ಕಂಬಳಿಯೊಳಗೆ ಸರಿದುಹೋಯಿತು. ಇನ್ನೊಂದು ಜೊತೆ ಮುಂದೆ ಬಂತು. ಇನ್ನೂ ಸ್ವಲ್ಪ ಮುಂದೆ ಬಂತು.

ಅತ್ತೆಗೆ ಚಳಿಯಾಗಿ ಕಾಲೆಳೆದುಕೊಂಡರು, ಉಳಿದದ್ದು ವೀಣಾಳದು ಎಂದು ಬಸವೇಶ ತರ್ಕ ಮಾಡಿದ. ಪಾದದ ಹಿಂದೆ ಕಾಗದ ಹಿಡಿದು ಪೆನ್ಸಿಲು ಆಡಿಸಿದ. ದಾರ ಸುತ್ತಿದ. ಆ ಕಾಲು ಹಿಮದ ತುಂಡಿನಂತೆ ತಣ್ಣಗೆ, ಕಟ್ಟಿಗೆಯಂತೆ ಬಿಗಿದುಕೊಂಡಿತ್ತು. ಗಂಟು ಹಾಕುವಾಗ ಕಂಬಳಿಯೊಳಗಿಂದ ಸಣ್ಣಗೆ, ಉಸಿರು ಬಿಡದೆ, ಯಾರೋ ಏನನ್ನೋ ಜಪಿಸುವ ಸದ್ದು ಬರತೊಡಗಿತು. ಬಸವೇಶ ಗಂಟು ಬಿಗಿದು ಎದ್ದ. ಕಾಗದ, ದಾರ ಎದೆಗೆ ಅವುಚಿಕೊಂಡು ಹೊರಗೆ ಬಿದ್ದ. ಅಂದೇ ಮೈಸೂರಿನ ಬಸ್ಸಿಗೆ ಕೊಟ್ಟು ಕಳಿಸಿದ.

ಬೂಟು ಬರುವವರೆಗೂ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಚೆಲುವಮ್ಮ ಊಟ ಬಿಟ್ಟರು. ದಿನಾ ಬೆಳಿಗ್ಗೆ ತಮ್ಮ ಕಾಲನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ವೀಣಾ ಗಂಡನನ್ನು ನೋಡುವ ನೋಟದಲ್ಲಿ ಈಗ ಭಯಕ್ಕಿಂತ ಹೆಚ್ಚಾಗಿ ಏನೋ ಮುರಿದಂತಿತ್ತು.

ಬಸ್ಸಿನಲ್ಲಿ ಪಾರ್ಸೆಲ್ ಬಂದಿದೆಯೆಂದು ಫೋನ್ ಬಂದ ಬೆಳಿಗ್ಗೆ ಬಸವೇಶ ಜಂಕ್ಷನ್ನಿಗೆ ಹೋದ. ಕಂಡಕ್ಟರ್ ಮೇಲಿನಿಂದ ಇಳಿಸಿದ್ದು ಬಿಳಿ ಬಟ್ಟೆಯಲ್ಲಿ ಬಿಗಿದು ಸುತ್ತಿದ ಎರಡು ಉದ್ದನೆಯ ವಸ್ತು. ಮಂಡಿಯವರೆಗೆ ಕತ್ತರಿಸಿ ತಂದ ಎರಡು ಕಾಲಿನಂತೆಯೇ ಇತ್ತು. ಅದನ್ನು ಎದೆಗಪ್ಪಿಕೊಂಡು ರಸ್ತೆ ದಾಟಿದಾಗ, ಮಂಜಿನೊಳಗಿಂದ ಚಾಯಕ್ಕಡೆ ಎನ್ನುವ ಟೀ ಅಂಗಡಿಯ ಬೆಂಚು ಕಂಡಿತು. ಬೆಂಚಿನ ಮೇಲೆ ಬ್ಯಾಗು. ಬ್ಯಾಗಿನ ಪಕ್ಕ ವೀಣಾ ಮತ್ತು ಚೆಲುವಮ್ಮ.

"ಎಲ್ಲಿಗೆ?" ಎಂದ ಬಸವೇಶ.

"ಮೈಸೂರಿಗೆ" ಎಂದಳು ವೀಣಾ. ಅವಳು ಅವನ ಮುಖ ನೋಡಲಿಲ್ಲ. ಅವನ ತೋಳಿನಲ್ಲಿದ್ದುದನ್ನು ನೋಡುತ್ತಿದ್ದಳು.

"ಯಾವಾಗ ಬರ್ತೀಯಾ?"

ಚೆಲುವಮ್ಮ ಎದ್ದು ಮಗಳ ಮುಂದೆ ನಿಂತರು. "ಅದನ್ನ ಬಿಚ್ಚಬೇಡಿ. ಮಗಳನ್ನ ಬಿಟ್ಟುಬಿಡಿ, ನನಗೆ ಏನು ಮಾಡಿದ್ರೂ ಸರಿ. ಹೆಜ್ಜೆಗೆ ಬೂದಿ ಹಾಕಿದ್ದು ನೋಡಿದೀನಿ. ದಾರಕ್ಕೆ ಗಂಟು ಹಾಕಿ ಮಂತ್ರ ಹೇಳಿದ್ದು ನೋಡಿದೀನಿ."

ನಿಂಬೆಹಣ್ಣು, ಮೊಳೆ, ಬಿಳಿ ಸೆರಗು, ಎಲ್ಲವೂ ಒಂದರ ಹಿಂದೆ ಒಂದು ಬಸವೇಶನ ತಲೆಯೊಳಗೆ ಬಂದು ಸಾಲಾಗಿ ಕೂತವು. ಆಮೇಲೆ ಅವನು ನೆಲದ ಮೇಲೇ ಕೂತು, ಬಟ್ಟೆ ಬಿಚ್ಚಿದ. ಕಂದು ಬಣ್ಣದ ಬೂಟು. ಬಾಯಲ್ಲಿ ಇಣುಕುವ ಬಿಳಿ ಉಣ್ಣೆ. ಎಣ್ಣೆ ಚರ್ಮದ ವಾಸನೆ.

"ನಿನ್ನ ಕಾಲು ಊದಿತ್ತಲ್ಲ" ಎಂದ. "ಹೇಳಿದ್ರೆ ಬೇಡ ಅಂತೀಯ ಅಂತ..."

ವೀಣಾ ಬಗ್ಗಿ ಬೂಟಿನೊಳಗೆ ಕೈ ಹಾಕಿದಳು. ಕೈ ತೆಗೆಯಲಿಲ್ಲ. ತುಂಬಾ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. "ಮಾಟ ಮಾಡೋಕ್ಕೂ ಒಂದು ಸಾಮರ್ಥ್ಯ ಬೇಕು ಅಂತ ಅಮ್ಮಂಗೆ ಹೇಳ್ತಾನೇ ಇದ್ದೆ" ಎಂದಳು. ಚಪ್ಪಲಿ ಬಿಟ್ಟು ಕಾಲು ತೂರಿಸಿದಳು. ಬೆರಳು ಹೋಯಿತು, ಹಿಮ್ಮಡಿ ಹೋಗಲಿಲ್ಲ. ಎಳೆದಳು, ಒತ್ತಿದಳು, ಬಸವೇಶ ಮಂಡಿಯೂರಿ ದಬ್ಬಿದ. ಚಾಯಕ್ಕಡೆಯವರೂ ಎದ್ದು ಬಂದು ಸಲಹೆ ಕೊಟ್ಟರು. ಬೂಟು ಒಪ್ಪಲಿಲ್ಲ.

"ಅಳತೆ ಸರಿಯಾಗೇ ಹಿಡಿದಿದ್ದೆ" ಎಂದ ಬಸವೇಶ ಅಳುದನಿಯಲ್ಲಿ.

"ಹಿಡಿದ್ರಿ" ಎಂದರು ಚೆಲುವಮ್ಮ. "ನನ್ನ ಕಾಲಿಗೆ. ಅವಳ ಕಾಲು ಒಳಗೆಳೆದು ನನ್ನದು ಮುಂದಿಟ್ಟೆ. ಬರೋದಿದ್ರೆ ನನಗೇ ಬರಲಿ ಅಂತ."

ವೀಣಾ ಅಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಾಳೆಂದು ಬಸವೇಶ ಹತ್ತಿರ ಹೋದರೆ, ನಗುತ್ತಿದ್ದಳು. ಅಷ್ಟರಲ್ಲಿ ಚೆಲುವಮ್ಮ ಬೆಂಚಿನ ಮೇಲೆ ಕೂತು ಬೂಟಿನೊಳಗೆ ಕಾಲಿಟ್ಟಿದ್ದರು. ಎರಡೂ ಸುಯ್ಯೆಂದು ಹತ್ತಿದವು. ಆಕೆ ಎದ್ದು ನಾಲ್ಕು ಹೆಜ್ಜೆ ನಡೆದರು, ಟಕ್ ಟಕ್ ಎಂದು. ಮುಖದಲ್ಲಿ ಆ ಉಣ್ಣೆಯ ಬಿಸಿ ಮೇಲೇರಿ ಬಂದದ್ದು ಕಾಣಿಸಿತು. ಬಿಚ್ಚುವ ಮಾತೇ ಆಡಲಿಲ್ಲ.

ಮೈಸೂರಿನ ಬಸ್ಸು ಬಂತು. ವೀಣಾ ಬ್ಯಾಗು ಎತ್ತಿಕೊಂಡಳು. ಬಸವೇಶ ಬ್ಯಾಗಿನ ಹಿಡಿ ಹಿಡಿದುಕೊಂಡ.

"ಬೂಟಿಗೆ" ಎಂದಳು. "ನನ್ನ ಕಾಲು ನಾನೇ ತಗೊಂಡು ಹೋಗ್ತೀನಿ. ಆ ಉಣ್ಣೇನೇ ಹಾಕಿಸ್ತೀನಿ, ನೀವು ಆರಿಸಿದ್ದು ಚೆನ್ನಾಗಿದೆ." ಹತ್ತುವಾಗ ತಿರುಗಿ, "ನಾಳೆ ಬರ್ತೀನಿ. ಬೆಳಿಗ್ಗೆ ಬಿಳಿ ಕುದುರೆ ನೀವಿಬ್ಬರೂ ನಡೆಸಬೇಕು. ಕುದುರೆ ಕೆಲಸ ಅಮ್ಮಂಗೆ ಗೊತ್ತು" ಎಂದಳು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಶ್ರೀಜ ಹಾಲಿನ ಪಾತ್ರೆ ಹಿಡಿದು ಗೇಟಿಗೆ ಬಂದವಳು ಹಾಗೇ ನಿಂತಳು. ಮಂಜಿನೊಳಗಿಂದ ಒಂದು ಬಿಳಿ ಕುದುರೆ ಸದ್ದಿಲ್ಲದೆ ಬಂತು. ಮೇಲೆ ಬಿಳಿ ಸೆರಗು ತಲೆಗೆ ಹೊದ್ದ ಮುದುಕಿ, ಮಂಡಿಯವರೆಗೆ ಬೂಟು, ರೆಪ್ಪೆ ಮಿಟುಕಿಸದ ಕಣ್ಣು. ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದವನ ಮುಖ ಬಿಳಿಚಿಕೊಂಡಿತ್ತು. ಹೆಂಡತಿಯ ಗಂಬೂಟಿನೊಳಗೆ ಚಳಿಗೆ ಮರಗಟ್ಟಿದ ಅವನ ಬೆರಳುಗಳು ಯಾವಾಗಲೋ ಅವನನ್ನು ಬಿಟ್ಟುಹೋಗಿದ್ದವು.

ಶ್ರೀಜ ಹಾಲನ್ನು ಮದಿಲಿನ ಮೇಲಿಟ್ಟು ಒಳಗೆ ಓಡಿದಳು.

"ಕಾಲು ಎತ್ತಿಡಿ, ಅಳಿಯಂದ್ರೇ" ಎಂದಿತು ಮೇಲಿನ ದನಿ, ತುಂಬ ಅಕ್ಕರೆಯಿಂದ. "ಇವತ್ತೇನೂ ಚಳಿಯೇ ಇಲ್ಲವಲ್ಲ."